ಡೋಲಿನ ಹಾಜರಿ

ಚಾ ಆರಿಹೋಗುತ್ತಿತ್ತು. ವೆಡ್ಸನ್ ಪೆಟ್ಟಿಗೆಯ ಮುಂದಿಂದ ಏಳಲಿಲ್ಲ. ನ್ಯಾಕಮಂಗ ಬೈದಳು. ಬೈಯುವುದು ಅವಳ ಕೆಲಸ, ಕಿವಿಗೆ ಹಾಕಿಕೊಳ್ಳದಿರುವುದು ಅವನ ಕೆಲಸ. ಮದುವೆಯಾದಾಗಿನಿಂದ ಇಬ್ಬರೂ ತಂತಮ್ಮ ಕೆಲಸ ತಪ್ಪಿಸಿದವರಲ್ಲ.

ಲುಫೆಜಿಯ ರೇಡಿಯೊ ಅಂದರೆ ಸರೋವರದ ದಂಡೆಗೆ ತಾಗಿದ ದಿಬ್ಬದ ಮೇಲೆ ತಗಡು ಹೊದಿಸಿದ ಎರಡು ಕೋಣೆ. ಒಂದರಲ್ಲಿ ಮಾತಾಡುತ್ತಾರೆ, ಇನ್ನೊಂದರಲ್ಲಿ ಪೆಟ್ಟಿಗೆ. ಕಂಪ್ಯೂಟರಿಗೆ ಅಲ್ಲಿ ಎಲ್ಲರೂ ಪೆಟ್ಟಿಗೆ ಅಂತಲೇ ಅನ್ನುವುದು. ಅದನ್ನು ನೋಡಿಕೊಳ್ಳುವವನು ವೆಡ್ಸನ್ ಲೊಂಗ್ವೆ. ಆ ಎರಡು ಕೋಣೆ ಗುಡಿಸುವವಳು ಅವನ ಹೆಂಡತಿ ನ್ಯಾಕಮಂಗ. ದೀಪ ಕಟ್ಟಿಕೊಂಡು ಉಸಿಪ ಅನ್ನುವ ಸಣ್ಣ ಮೀನು ಹಿಡಿಯಲು ಹೋದ ದೋಣಿಗಳು ತಿರುಗಿ ಬರುವ ಹೊತ್ತಿಗೆ ಇಬ್ಬರೂ ದಿಬ್ಬ ಹತ್ತುತ್ತಿದ್ದರು. ಅವನು ಬೀಗ ತೆಗೆಯುತ್ತಿದ್ದ, ಅವಳು ಪೊರಕೆ ತೆಗೆಯುತ್ತಿದ್ದಳು.

ಪ್ರಸಾರ ಶುರುವಾಗುವ ಮೊದಲು ವೆಡ್ಸನ್ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆಯುತ್ತಿದ್ದ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯೂ ಇಲ್ಲ. ಒಂದು ಸಾಲಿನ ಕಮಾಂಡ್ ಬರೆಯಬೇಕು. ಬರೆದರೆ ಪೆಟ್ಟಿಗೆ ತನ್ನ ಮೈ ತಾನೇ ತಡವಿ ನೋಡಿಕೊಳ್ಳುತ್ತದೆ. ಎಷ್ಟು ಹೊತ್ತಿಗೆ ಬಾಯಿ ತೆರೆಯಬೇಕು, ಯಾವ ದನಿಯ ಹಿಂದೆ ಯಾವ ದನಿ ಬರಬೇಕು, ಹೀಗೆ ಹೇಳಿಕೊಟ್ಟದ್ದನ್ನೆಲ್ಲ ಅದು ಒಂದು ಡೇಟಾಬೇಸಿನಲ್ಲಿ ಇಟ್ಟುಕೊಂಡಿರುತ್ತದೆ. ವೆಡ್ಸನ್ ಅದಕ್ಕೆ ಉಗ್ರಾಣ ಅನ್ನುತ್ತಿದ್ದ. ಮೊದಲು ಉಗ್ರಾಣದಲ್ಲಿ ಏನಾದರೂ ಕೊಳೆತಿದೆಯೋ ನೋಡುತ್ತದೆ. ಆಮೇಲೆ ಪ್ಲಗಿನ್‌ಗಳನ್ನು ಒಂದೊಂದಾಗಿ ಕೂಗುತ್ತದೆ. ವೆಡ್ಸನ್ ಬಾಯಲ್ಲಿ ಅವು ಆಳುಗಳು. ಚರ್ಚಿನ ಹಾಡಿಗೊಂದು ಆಳು, ಸಾವಿನ ಸುದ್ದಿಗೊಂದು, ಮೀನಿನ ಧಾರಣೆಗೊಂದು, ಗಾಳಿಗೊಂದು. ಒಂದು ಹೆಸರು, ಒಂದು ಸಾಲು. ಬಂದ ಆಳಿನ ಮುಂದೆ ಒಂದು ಕುಳ್ಳ ಪದ ಬೀಳುತ್ತದೆ.

“ಹಾಜರಿ ಕೂಗ್ತಿದೀನಿ ಕಣೇ, ಹಾಜರಿ. ಮಧ್ಯೆ ಎದ್ದರೆ ಮಕ್ಕಳು ತಪ್ಪಿಸಿಕೊಳ್ತಾರೆ,” ಅನ್ನುತ್ತಿದ್ದ, ಚಾ ಅಂದಾಗಲೆಲ್ಲ.

ಎಲ್ಲಕ್ಕಿಂತ ದೊಡ್ಡ ಆಳು ಗಾಳಿಯದ್ದು. ದಕ್ಷಿಣದಿಂದ ಮ್ವೆರಾ ಗಾಳಿ ಏಳುತ್ತದೆ ಅಂತ ಪಟ್ಟಣದ ಹವಾಮಾನದವರು ಸುದ್ದಿ ಕಳಿಸಿದರೆ ಅದನ್ನು ಹಿಡಿದುಕೊಂಡು, ನಡೆಯುತ್ತಿರುವ ಹಾಡನ್ನೋ ಭಾಷಣವನ್ನೋ ನಿಲ್ಲಿಸಿ, ಡೋಲು ಬಡಿದು, ದೋಣಿ ಇಳಿಸಬೇಡಿ ಅನ್ನುವ ಮಾತು ಹೇಳಿಸುತ್ತದೆ. ಗಾಳಿ ಇಲ್ಲದ ದಿನ ಸುಮ್ಮನಿರುತ್ತದೆ. ಬಡಿಯುವ ಆಳು ಅಂತ ಅದರ ಹೆಸರೇ ಡೋಲು. ಆ ದಂಡೆಯ ಗಂಡಸರಿಗೆ ಅಷ್ಟು ಸಾಕು. ಬಡಿಯಿತೋ, ದೋಣಿ ಮರಳಿನ ಮೇಲೆ. ಬಡಿಯಲಿಲ್ಲವೋ, ನೀರಿಗೆ. ಅಜ್ಜಂದಿರು ಮೋಡ ನೋಡುತ್ತಿದ್ದರಂತೆ. ಇವರು ರೇಡಿಯೊ ನೋಡುತ್ತಾರೆ.

ಅವತ್ತು ಚರ್ಚಿನ ಹಾಡಿನ ಆಳು ಕೆಮ್ಮುತ್ತಿತ್ತು. ಹಾಡು ಅರ್ಧಕ್ಕೆ ನಿಂತು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ವೆಡ್ಸನ್ ಅದನ್ನು ನಿಲ್ಲಿಸಿಟ್ಟು ಒಂದು ಸಲ ಹಾಜರಿ ಕೂಗಿಸಿದ. ನ್ಯಾಕಮಂಗ ಪೊರಕೆ ಹಿಡಿದುಕೊಂಡೇ ಹಿಂದಿನಿಂದ ನೋಡಿದಳು. ನಾಲ್ಕನೇ ಕ್ಲಾಸಿನ ತನಕ ಓದಿದವಳು, ಅಕ್ಷರ ಕೂಡಿಸುವುದು ಬರುತ್ತದೆ. ಅವನು ಪ್ರಸಾರದ ಗೋಪುರ ಹತ್ತಲು ಹೋದ ದಿನ ಆ ಒಂದು ಸಾಲನ್ನು ಒಂದೇ ಬೆರಳಲ್ಲಿ ಅವಳೇ ಬರೆಯುತ್ತಿದ್ದಳು. ಹಾಡಿನ ಮುಂದೆ ಕುಳ್ಳ ಪದ ಇರಲಿಲ್ಲ, ಬೇರೆ ಯಾವುದೋ ಉದ್ದನೆಯ ಪದ ಇತ್ತು. ಆದರೂ ಕೊನೆಯ ಸಾಲಿನಲ್ಲಿ ಎಲ್ಲ ಸರಿ ಅಂತಲೇ ಬಂದಿತ್ತು.

“ಹಾಡು ಬಂದಿಲ್ಲ. ಎಲ್ಲ ಸರಿ ಅನ್ನತ್ತಲ್ಲ ಇದು?”

“ನಾವೇ ನಿಲ್ಲಿಸಿದ್ದನ್ನ ಅದು ಹುಡುಕಲ್ಲ. ರಜೆ ಹಾಕಿದವನು ಗೈರುಹಾಜರಿ ಅಲ್ವಲ್ಲ, ಹಾಗೆ. ಕೊಳೆತಿದ್ರೆ ಹೇಳತ್ತೆ, ಮುರಿದಿದ್ರೆ ಹೇಳತ್ತೆ. ನಮ್ಮ ಕೈಯಾರೆ ಕಳಿಸಿದ್ರೆ ಅದರ ಲೆಕ್ಕದಲ್ಲಿ ಎಲ್ಲ ಸರಿ. ಅದಕ್ಕೇ ಕೊನೇ ಸಾಲು ಓದಬೇಡ ಅನ್ನೋದು. ಹೆಸರು ಹೆಸರು ಓದು.”

“ನಿಮ್ಮ ತಮ್ಮನ ಥರ. ಮನೇಲಿ ಗೊರಕೆ ಹೊಡೀತಿದ್ರೂ ಕೆಲಸದಲ್ಲಿದೀನಿ ಅಂತಾನೆ.”

“ನನ್ನ ತಮ್ಮನ್ನ ಬಿಟ್ರೆ ನಿನಗೆ ಹೋಲಿಕೆ ಸಿಗಲ್ಲ, ಅಲ್ವಾ?”

ನಕ್ಕ. ಆರಿದ ಚಾ ಕುಡಿದ. ಮಧ್ಯಾಹ್ನದ ಹೊತ್ತಿಗೆ ಹಾಡು ಸರಿಹೋಯಿತು, ರಜೆ ಮುಗಿಸಿ ಆಳನ್ನು ಒಳಗೆ ಕರೆದುಕೊಂಡ. ಮನೆಗೆ ಬಂದು ಮರಗೆಣಸಿನ ಮುದ್ದೆ, ಒಣ ಉಸಿಪದ ಸಾರು ಉಂಡರು. ಉಪ್ಪು ಕಮ್ಮಿ ಅಂದ. ಹಾಸ್ಟೆಲ್ಲಿನಲ್ಲಿರುವ ಮಗಳು ರುತಿಗೆ ಹೊಸ ಬೂಟು ಬೇಕಂತೆ ಅಂದಳು. ಅಡುಗೆಮನೆ ಬಾಗಿಲಿನ ಚಿಲಕ ಹಾಕಿಕೊಡಿ ಅಂತ ಮತ್ತೆ ಕೇಳಿದಳು. ನಾಳೆ ಅಂದ. ಅವತ್ತಿನ ಊಟದ ಬಗ್ಗೆ ಅವಳಿಗೆ ನೆನಪಿರುವುದು ಇಷ್ಟೆ. ಕೊನೆಯ ದಿನ ಅಂತ ಮೊದಲೇ ಗೊತ್ತಾಗಿದ್ದರೆ ಉಪ್ಪನ್ನಾದರೂ ಸರಿಯಾಗಿ ಹಾಕುತ್ತಿದ್ದಳು.

ಹೊತ್ತು ಮುಳುಗುವಾಗ ಸುದ್ದಿ ಬಂತು. ಮ್ಕೊಂಡೆಯ ದೊಡ್ಡ ಯಜಮಾನ ತೀರಿಕೊಂಡನಂತೆ. ಮ್ಕೊಂಡೆಗೆ ರಸ್ತೆಯಿಲ್ಲ. ನೀರಿಗೆ ಚಾಚಿದ ಬಂಡೆಯ ಮೂತಿ ಸುತ್ತಿಕೊಂಡು ದೋಣಿಯಲ್ಲೇ ಹೋಗಬೇಕು. ದಂಡೆಯುದ್ದಕ್ಕೂ ಜನ ತಮ್ಮ ತಮ್ಮ ಸದ್ದು ಅಡಗಿಸಿದರು. ಯಜಮಾನನೊಬ್ಬ ಸತ್ತರೆ ಅವನು ಮಣ್ಣು ಸೇರುವ ತನಕ ಸಾವಿನ ಮನೆಯ ಡೋಲು ಮಾತ್ರ ಬಡಿಯಬೇಕು. ಮದುವೆಯಿರಲಿ, ಶಾಲೆಯಿರಲಿ, ಚರ್ಚಿರಲಿ, ಬೇರೆ ಯಾವ ಡೋಲಿನ ಸದ್ದೂ ಏಳಬಾರದು. ಎದ್ದರೆ ಸತ್ತವನಿಗೆ ಅವಮಾನ, ಬಡಿದವನ ಮನೆಗೆ ಕೇಡು. ಇದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಎಳೆಗೂಸಿಗೂ ಗೊತ್ತು.

ರೇಡಿಯೊದ ಮ್ಯಾನೇಜರ್ ಸಿಲುಂಬು ಫೋನು ಮಾಡಿದ. ಅವನು ಎಲ್ಲರ ಹತ್ತಿರವೂ ಕಿರುಚಿಯೇ ಮಾತಾಡುವವನು, ಪಕ್ಕದಲ್ಲಿ ಕೂತ ನ್ಯಾಕಮಂಗಳಿಗೆ ಎರಡೂ ಕಡೆಯದು ಕೇಳಿಸಿತು. ಬೆಳಕು ಹರಿಯುವ ಮೊದಲೇ ದೋಣಿ ಹೊರಡುತ್ತದೆ, ಮಣ್ಣು ಮಾಡುವುದನ್ನು ರೆಕಾರ್ಡ್ ಮಾಡಲು ವೆಡ್ಸನ್ ಹೋಗಬೇಕು. ಸ್ಟೇಶನ್ನಿನ ಬಾಗಿಲು ನಾನೇ ತೆಗೆಯುತ್ತೇನೆ, ಹಾಡು ಡೋಲು ಎಲ್ಲ ಈಗಲೇ ನಿಲ್ಲಿಸಿ ಬಂದಿದ್ದೇನೆ ಅಂದ.

ವೆಡ್ಸನ್ ನೆಟ್ಟಗೆ ಕೂತ. ಹೋದ ಸಲ ಇಂಥ ಸಾವಾದಾಗ ಅವನು ಡೋಲಿನ ಜಾಗಕ್ಕೆ ಕೊಂಬಿನ ಸದ್ದು ಹಾಕಿ ಉಗ್ರಾಣದಲ್ಲಿ ಬರೆದಿಟ್ಟಿದ್ದ. ಡೋಲು ಬಡಿಯಲಿಲ್ಲ, ಗಾಳಿಯ ಸುದ್ದಿಯೂ ತಪ್ಪಲಿಲ್ಲ.

“ಡೋಲು ಹೇಗೆ ನಿಲ್ಲಿಸಿದ್ರಿ ಸಾರ್? ಗಾಳಿ ಮಾತು ಬರತ್ತಾ?”

“ಬರತ್ತೆ ಬರತ್ತೆ. ಸದ್ದು ತಾನೇ ನಿಲ್ಲಿಸಿದ್ದು.”

“ಹಾಜರಿ ಕೂಗಿಸಿದ್ರಾ?”

“ಕೂಗಿಸಿದೆನಪ್ಪಾ. ಎಲ್ಲ ಸರಿ ಅಂತು.”

“ಹೆಸರು ಸ್ವಲ್ಪ ಓದಿ ಹೇಳಿ ಸಾರ್, ಡೋಲಿನ ಮುಂದೆ ಏನಿದೆ ಅಂತ.”

“ನಾನು ಸಾವಿನ ಮನೆಗೆ ಹೊರಟಾಯ್ತು. ಮ್ಕೊಂಡೆಯಲ್ಲಿ ಯಜಮಾನನ ಹೆಣ ಬಿದ್ದಿದೆ, ನಿನಗೆ ಪೆಟ್ಟಿಗೆ ಚಿಂತೆ.”

ಫೋನು ಇಟ್ಟ. ಸಾವಿನ ಮನೆ ಅಂದರೆ ಲುಫೆಜಿಯಲ್ಲೇ ಇರುವ ಯಜಮಾನನ ಮಗಳ ಮನೆ. ಮ್ಕೊಂಡೆಗೆ ಹೋಗಲಾರದವರು ಅಲ್ಲಿ ಸೇರುತ್ತಾರೆ. ವೆಡ್ಸನ್ ಫೋನನ್ನೇ ನೋಡುತ್ತ ಕೂತ. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ದಿಬ್ಬ ದೂರವಿರಲಿಲ್ಲ. ಇನ್ನೂ ಬೆಳಕಿತ್ತು.

“ಎಲ್ಲ ಸರಿ ಅಂತಂತೆ,” ಅಂದ, ಅವಳಿಗೋ ತನಗೋ. ತಟ್ಟೆ ಎಳೆದುಕೊಂಡ.

ಬೆಳಿಗ್ಗೆ ತಾನೇ ಹೆಂಡತಿಗೆ ಹೇಳಿದ ಮಾತು ಅವನು ಸಂಜೆಗೆ ಮರೆತ. ಮರೆತನೋ, ಮ್ಯಾನೇಜರಿನ ಮಾತಿನ ಮೇಲೆ ಹೋಗಿ ನೋಡುವುದು ಮರ್ಯಾದೆಯಲ್ಲ ಅಂದುಕೊಂಡನೋ, ಕಾಲು ಸೋತಿತ್ತೋ. ನ್ಯಾಕಮಂಗ ಈ ಪ್ರಶ್ನೆಯನ್ನು ಅವನ ಗೋರಿಯ ಹತ್ತಿರ ಕೇಳಿದ್ದಾಳೆ. ಬೈದೂ ಇದ್ದಾಳೆ. ಅವನು ಎಂದಿನ ಹಾಗೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಗಿನ ಜಾವ ದಂಡೆಗೆ ಅವಳೂ ಹೋದಳು. ಹೆಂಗಸರು ಹಿಟ್ಟು, ಸೌದೆ ಹೊತ್ತುಕೊಂಡು ಹಗಲಿನ ದೊಡ್ಡ ದೋಣಿಯಲ್ಲಿ ಹಿಂದಿನಿಂದ ಹೋಗುವುದು ಅಂತಿತ್ತು. ನೀರು ಮಂಜು ಹೊದ್ದು ಮಲಗಿತ್ತು. ದೋಣಿ ನಡೆಸುವವನು ಯೊಬೆ ಮ್ವಾಲೆ. ಅವನ ಹೆಂಡತಿ ನ್ಯಾಲುಂಗು ಕಂಕುಳಲ್ಲಿ ಹಿಟ್ಟಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಯಜಮಾನನ ಕಡೆಯ ಇನ್ನಿಬ್ಬರು ಆಗಲೇ ಹತ್ತಿ ಕೂತಿದ್ದರು. ಯೊಬೆ ಯಾವತ್ತೂ ಗೇಲಿ ಮಾಡುವವನು.

“ಏನಪ್ಪಾ ಗಾಳಿ ಯಜಮಾನ, ಅಪ್ಪಣೆ ಕೊಡ್ತೀಯಾ?”

ವೆಡ್ಸನ್ ಯೊಬೆಯ ಚಿಕ್ಕ ರೇಡಿಯೊವನ್ನು ಕಿವಿಗೆ ಹಿಡಿದ. ಒಳಗೆ ಸಾವಿನ ಸುದ್ದಿ ಓದುತ್ತಿದ್ದರು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು. ಬೇರೇನೂ ಇಲ್ಲ.

“ಗಾಳಿ ಮಾತಿಲ್ಲ. ನಡಿ,” ಅಂದ.

ಹೆಂಡತಿಯ ಕಡೆ ತಿರುಗಿ, ಚಿಲಕ ನಾನು ಬಂದ ಮೇಲೆ ಅಂತ ಕೈಸನ್ನೆ ಮಾಡಿದ. ದೋಣಿ ಮಂಜಿನೊಳಗೆ ಹೋಯಿತು. ಮೋಟರಿನ ಸದ್ದು ಮಾತ್ರ ಸ್ವಲ್ಪ ಹೊತ್ತು ಉಳಿಯಿತು.

ಮ್ವೆರಾ ಎದ್ದದ್ದು ಹೊತ್ತು ಮೇಲೆ ಬಂದಾಗ. ಮೊದಲು ಒಣಹಾಕಿದ ಬಲೆಗಳು ಅಲ್ಲಾಡಿದವು. ಆಮೇಲೆ ಮರಳು ಎದ್ದಿತು. ನೋಡನೋಡುತ್ತಿದ್ದ ಹಾಗೆ ಸರೋವರ ಬಿಳಿಯ ಹಲ್ಲು ಬಿಟ್ಟಿತು. ಹೆಂಗಸರು ಹಿಟ್ಟಿನ ಬುಟ್ಟಿ ಬಿಟ್ಟು ಬಂಡೆಯ ಕಡೆ ಓಡಿದರು. ಅಲ್ಲಿಂದ ಏನೂ ಕಾಣಲಿಲ್ಲ. ದೋಣಿ ಬಂಡೆಯ ಮೂತಿಯ ಆಚೆ ಮಗುಚಿತ್ತು. ಯೊಬೆ, ವೆಡ್ಸನ್, ಆ ಇಬ್ಬರು, ಯಾರೂ ಉಳಿಯಲಿಲ್ಲ. ವೆಡ್ಸನ್ ಜೊಂಡಿನ ಹತ್ತಿರ ಸಿಕ್ಕ. ರೆಕಾರ್ಡಿಂಗಿನ ಚೀಲ ಹೆಗಲಿಗೆ ಹಾಗೇ ಇತ್ತು. ಆಫೀಸಿನ ಸಾಮಾನು ಅಂತ ಬಿಟ್ಟಿರಲಿಲ್ಲ.

ಯಜಮಾನನ ಸಾವು ಮೂರು ಊರಿನ ಸಾವು. ಇವರದ್ದು ಮನೆಮನೆಯ ಸಾವು. ಅವನನ್ನು ಮಣ್ಣು ಮಾಡುವ ತನಕ ಇವರಿಗಾಗಿ ಜೋರಾಗಿ ಅಳುವುದಕ್ಕೂ ಹಿರಿಯರು ಬಿಡಲಿಲ್ಲ. ಅವನ ಡೋಲು ನಿಂತ ಮೇಲೆ ಇವರ ಸರದಿ ಬಂತು. ಆ ಹೊತ್ತಿಗೆ ಗಾಳಿ ನಿಂತಿತ್ತು. ಸಿಲುಂಬು ದಿಬ್ಬ ಹತ್ತಿ ಹೋಗಿ ಹಾಡು, ಡೋಲು ಎಲ್ಲವನ್ನೂ ಮೊದಲಿನ ಹಾಗೆ ಮಾಡಿದ. ಸಂಜೆಗೆ ರೇಡಿಯೊ ಹಾಡಿತು. ವೆಡ್ಸನ್ ಗೋರಿಯ ಮಣ್ಣು ಇನ್ನೂ ಹಸಿಯಿತ್ತು.

ಆಮೇಲೆ ಮಾತು ಶುರುವಾಯಿತು. ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಿಲ್ಲ. ಪಟ್ಟಣದಿಂದ ಗಾಳಿಯ ಸುದ್ದಿ ರಾತ್ರಿಯೇ ಬಂದಿತ್ತಂತೆ, ಡೋಲು ಯಾಕೆ ಬಡಿಯಲಿಲ್ಲ? ಡೋಲು ಯಾರ ಕೈಯಲ್ಲಿತ್ತು? ವೆಡ್ಸನ್ ಕೈಯಲ್ಲಿ. ಹಾಗಾದರೆ ವೆಡ್ಸನ್ನೇ ಕೆಡಿಸಿರಬೇಕು. ಹಿಂದಿನ ದಿನ ಹಾಡು ಕೆಟ್ಟಿತ್ತು, ರಿಪೇರಿ ಮಾಡುತ್ತ ಡೋಲನ್ನೂ ಹಾಳು ಮಾಡಿದ. ಸಿಲುಂಬು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಕೇಳಿದವರಿಗೆ, ಸತ್ತವರ ಬಗ್ಗೆ ನಾನೇನು ಹೇಳಲಿ, ಕಮಿಟಿ ಕೂರುತ್ತದೆ ಅನ್ನುತ್ತಿದ್ದ. ಅಷ್ಟು ಸಾಕಾಯಿತು.

ನಲ್ಲಿಯ ಹತ್ತಿರ ನ್ಯಾಕಮಂಗ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ನ್ಯಾಲುಂಗು ಮಾತ್ರ ಹೋಗಲಿಲ್ಲ. ಇಬ್ಬರೂ ಸೊಂಟಕ್ಕೆ ಕರಿಯ ಚಿತೆಂಜೆ ಬಟ್ಟೆ ಸುತ್ತಿಕೊಂಡು ಎದುರುಬದುರು ನಿಂತಿದ್ದರು.

“ನನ್ನ ಕಿವಿಯಾರೆ ಕೇಳಿದೀನಿ ಕಣೇ,” ಅಂದಳು ನ್ಯಾಲುಂಗು. “ನಡಿ ಅಂದೋನು ನಿನ್ನ ಗಂಡ. ನನ್ನ ಗಂಡ ಕೇಳಿದ, ನಿನ್ನ ಗಂಡ ಕಳಿಸಿದ.”

“ಅವರೂ ಅದೇ ದೋಣೀಲಿ ಕೂತಿದ್ರು.”

“ಅದೊಂದು ಒಳ್ಳೇದಾಯ್ತು.”

ನ್ಯಾಕಮಂಗ ಕೊಡ ತುಂಬುವ ತನಕ ನಿಂತಳು. ಬಿಟ್ಟು ಹೋಗಲಿಲ್ಲ. ಮೈದುನ ಬಂದು ಅಣ್ಣನ ಸೈಕಲ್ಲು ತೆಗೆದುಕೊಂಡು ಹೋದ, ತಡೆಯಲಿಲ್ಲ. ಅತ್ತೆ ಮನೆಯವರು ಆಡಿದ್ದನ್ನೆಲ್ಲ ಕೇಳಿಸಿಕೊಂಡಳು. ಆದರೆ ರುತಿ ಹಾಸ್ಟೆಲ್ಲಿನಿಂದ ಬಂದಾಗ ಒಂದು ಮಾತು ಕೇಳಿದಳು. ಅಪ್ಪನೇ ನಾಲ್ಕು ಜನರನ್ನು ಮುಳುಗಿಸಿದನಂತೆ, ಹೌದಾ ಅಮ್ಮ? ಆ ಮಾತನ್ನು ಮಾತ್ರ ಹಾಗೇ ಬಿಡುವ ಹಾಗಿರಲಿಲ್ಲ. ಗಂಡ ಹೋದ, ಸೈಕಲ್ಲು ಹೋಯಿತು. ಅವನ ಹೆಸರೂ ಹೋದರೆ ಮಗಳ ಪಾಲಿಗೆ ಅಪ್ಪ ಅನ್ನುವುದೇ ಇರುವುದಿಲ್ಲ. ಕಮಿಟಿ ಕೂರಲಿ, ನಾನೂ ಇರುತ್ತೇನೆ ಅಂದುಕೊಂಡಳು.

ಕಮಿಟಿ ರೇಡಿಯೊದ ಅಂಗಳದಲ್ಲೇ ಕೂತಿತು. ಅಧ್ಯಕ್ಷರು ಮ್ಸಿಸ್ಕ ಮೇಷ್ಟ್ರು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಸುತ್ತ ಹಿರಿಯರು. ಪಟ್ಟಣದಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಸತ್ತವರ ಮನೆಯವರಿಗೆಲ್ಲ ಹೇಳಿಕಳಿಸಿದ್ದರು. ಜನ ಜಾಸ್ತಿಯಾಗಿ, ಪೆಟ್ಟಿಗೆಯನ್ನು ತಂತಿ ಸಮೇತ ಕಿಟಕಿಯ ಹತ್ತಿರ ಎಳೆದಿಟ್ಟು ಪರದೆಯನ್ನು ಹೊರಗೆ ತಿರುಗಿಸಿದರು. ನ್ಯಾಕಮಂಗ ಹೆಂಗಸರ ಸಾಲಿನ ಕೊನೆಗೆ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಇಂಜಿನಿಯರ್ ಕಪ್ಪು ಕಿಟಕಿ ತೆರೆದ. ವೆಡ್ಸನ್ ಬರೆಯುತ್ತಿದ್ದ ಅದೇ ಸಾಲು ಬರೆದ. ಆಳುಗಳ ಹೆಸರು ಸಾಲಾಗಿ ಇಳಿದವು. ಎಲ್ಲರ ಮುಂದೆಯೂ ಕುಳ್ಳ ಪದ. ಕೊನೆಗೆ ಎಲ್ಲ ಸರಿ. ಉಗ್ರಾಣವೂ ನೆಟ್ಟಗಿದೆ, ಪ್ಲಗಿನ್ನುಗಳೂ ನೆಟ್ಟಗಿವೆ, ಯಂತ್ರದಲ್ಲಿ ದೋಷ ಕಾಣುವುದಿಲ್ಲ ಅಂದ. ಮ್ಸಿಸ್ಕ ಮೇಷ್ಟ್ರು ಕನ್ನಡಕ ತೆಗೆದರು. ಯಂತ್ರದಲ್ಲಿ ದೋಷವಿಲ್ಲ ಅಂದರೆ ಯಂತ್ರ ನೋಡಿಕೊಳ್ಳುವವನಲ್ಲಿ ಅಂತ ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಎಲ್ಲರ ತಲೆಯೂ ಹೆಂಗಸರ ಸಾಲಿನ ಕೊನೆಗೆ ತಿರುಗಿತು.

ನ್ಯಾಕಮಂಗ ಎದ್ದು ನಿಂತಳು. ಗಂಡ ಸತ್ತು ವರ್ಷ ತುಂಬದವಳು ಹಿರಿಯರ ಸಭೆಯಲ್ಲಿ ಬಾಯಿ ತೆರೆಯುವ ಪದ್ಧತಿ ಅಲ್ಲಿಲ್ಲ. ಯಾರೋ ಕೂತ್ಕೊಳೇ ಅಂದರು. ಕೂರಲಿಲ್ಲ.

“ಸಾರ್, ಡೋಲಿಗೆ ರಜೆ ಕೊಟ್ಟು ಇನ್ನೊಂದು ಸಲ ಕೂಗಿಸಿ.”

ಇಂಜಿನಿಯರಿಗೆ ಅರ್ಥವಾಗಲಿಲ್ಲ. ಅವಳು ಕಿಟಕಿಯ ಹತ್ತಿರ ಬಂದು ಪರದೆಯ ಮೇಲೆ ಡೋಲಿನ ಹೆಸರನ್ನು ತೋರಿಸಿದಳು. ಇದನ್ನು ನಿಲ್ಲಿಸಿ, ಆಮೇಲೆ ಕೂಗಿಸಿ, ಕೊನೆಯ ಸಾಲಿನಲ್ಲಿ ಏನು ಬರುತ್ತದೆ ಅಂತ ಎಲ್ಲರಿಗೂ ಕೇಳುವ ಹಾಗೆ ಓದಿ ಅಂದಳು. ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ತಲೆಯಾಡಿಸಿದರು. ಅವನು ನಿಲ್ಲಿಸಿದ, ಮತ್ತೆ ಆ ಸಾಲು ಬರೆದ. ಹೆಸರುಗಳು ಇಳಿದವು. ಡೋಲಿನ ಮುಂದೆ ಕುಳ್ಳ ಪದ ಹೋಗಿ ಉದ್ದನೆಯ ಪದ ಬಂತು.

“ಎಲ್ಲ ಸರಿ ಅಂತಿದೆ,” ಅಂದ ಇಂಜಿನಿಯರ್. “ಅದು ಹಾಗೇ ಅಲ್ವಾ. ಬೇಕಂತ ನಿಲ್ಲಿಸಿದ್ದು ಇದಕ್ಕೆ ದೋಷ ಅಲ್ಲ.”

ಅವನಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ. ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ. ಮೇಷ್ಟ್ರು ಸಿಲುಂಬು ಕಡೆ ತಿರುಗಿದರು. ಆ ಸಂಜೆ ನಿಲ್ಲಿಸಿದವರು ಯಾರು ಅಂತ ಕೇಳಿದರು.

“ನಾನೇ,” ಅಂದ ಸಿಲುಂಬು. “ಯಜಮಾನನ ಹೆಣ ಮನೇಲಿತ್ತು. ಡೋಲು ಬಡಿಸಬೇಕಿತ್ತಾ? ನೀವೇ ಹೇಳಿ.”

ಹಿರಿಯರು ನೆಲ ನೋಡಿದರು. ಯಜಮಾನನ ಕಡೆಯವನೊಬ್ಬ, ಅದು ಸರಿ, ಬಡಿಯಬಾರದು ಅಂದ. ಸಿಲುಂಬು ಮುಂದುವರಿಸಿದ. ಸದ್ದು ಮಾತ್ರ ನಿಲ್ಲುತ್ತದೆ, ಮಾತು ಬರುತ್ತದೆ ಅಂದುಕೊಂಡನಂತೆ. ಪೆಟ್ಟಿಗೆಯನ್ನು ಕೇಳಿದನಂತೆ, ಅದು ಎಲ್ಲ ಸರಿ ಅಂದಿತಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದದ್ದಕ್ಕೆ, ಯಾರೂ ನನ್ನನ್ನು ಹೀಗೆ ಕೇಳಲಿಲ್ಲ ಅಂದ.

“ರುತಿ ಅಪ್ಪ ಕೇಳಿದ್ರು,” ಅಂದಳು ನ್ಯಾಕಮಂಗ. “ಹೆಸರು ಓದಿ ಅಂದ್ರು ಫೋನಲ್ಲಿ. ನಾನು ಪಕ್ಕದಲ್ಲಿದ್ದೆ.”

“ಸಾವಿನ ಮನೆ ಗಲಾಟೆ, ಕೇಳಿಸಿರಲಿಕ್ಕಿಲ್ಲಮ್ಮ.”

“ಕೇಳಿಸ್ತು. ನಿನಗೆ ಪೆಟ್ಟಿಗೆ ಚಿಂತೆ ಅಂದ್ರಲ್ಲ.”

ಸಿಲುಂಬು ಮೇಷ್ಟ್ರ ಕಡೆ ನೋಡಿ, ಗಂಡನನ್ನು ಕಳಕೊಂಡ ದುಃಖ, ಪಾಪ, ಏನೇನೋ ಕೇಳಿಸಿದ ಹಾಗಾಗುತ್ತದೆ ಅಂದ. ಎಲ್ಲ ದೇವರ ಇಚ್ಛೆ ಅಂತಲೂ ಸೇರಿಸಿದ.

“ಡೋಲು ನಿಲ್ಲಿಸಿದ್ದು ದೇವರಲ್ಲ,” ಅಂದಳು.

ಕೂತ್ಕೊಳೇ ಅಂತ ಈ ಸಲ ಬಹಳ ಜನ ಅಂದರು. ಕೂತಳು.

ಮೇಷ್ಟ್ರು ಹಿರಿಯರ ಜೊತೆ ಮಾತಾಡಿದರು. ಬಂದು ತೀರ್ಮಾನ ಹೇಳಿದರು. ವೆಡ್ಸನ್ ಲೊಂಗ್ವೆಯ ತಪ್ಪು ಏನೂ ಇಲ್ಲ. ಸಿಲುಂಬು ಪದ್ಧತಿಗೆ ತಕ್ಕಂತೆ ನಡೆದುಕೊಂಡಿದ್ದಾರೆ, ಅವರನ್ನೂ ಅನ್ನುವ ಹಾಗಿಲ್ಲ. ನಿಲ್ಲಿಸಿದ್ದಕ್ಕೂ ಎಲ್ಲ ಸರಿ ಅನ್ನುವುದು ಪೆಟ್ಟಿಗೆಯ ಕುಂದು. ಪೆಟ್ಟಿಗೆಯಿಂದಾದದ್ದು. ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡಿದರು. ಪೆಟ್ಟಿಗೆಯನ್ನು ಮತ್ತೆ ಒಳಗೆ ಎಳೆದಿಟ್ಟರು. ನಾಲ್ಕು ಹೆಣ ಬಿದ್ದವು, ಕೊಂದವರು ಯಾರೂ ಇಲ್ಲ. ಎಷ್ಟು ಚೆನ್ನಾಗಿ ಮುಗಿಯಿತು ಅಂತ ನ್ಯಾಕಮಂಗಳಿಗೆ ನಗು ಬಂತು. ನಗಲಿಲ್ಲ. ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ಉದ್ದನೆಯ ಪದ ಬರೆದು ಕಣ್ಣ ಮುಂದೆ ಇಟ್ಟಿತ್ತು. ಓದಬೇಕಾದವರು ಓದಲಿಲ್ಲ. ಇಬ್ಬರೂ ಓದಲಿಲ್ಲ. ಒಬ್ಬನಿಗೆ ಓದುವ ಮನಸ್ಸಿರಲಿಲ್ಲ, ಇನ್ನೊಬ್ಬ ದಿಬ್ಬ ಹತ್ತಲಿಲ್ಲ. ಈ ಎರಡನೆಯದನ್ನು ಅವಳು ಸಭೆಯಲ್ಲಿ ಹೇಳಿರಲಿಲ್ಲ. ರುತಿಗೂ ಹೇಳಲಿಲ್ಲ. ಅಪ್ಪನ ತಪ್ಪಿಲ್ಲ ಅಂತ ಹಿರಿಯರು ಹೇಳಿದರು ಅಂದಳು. ರುತಿ ಗೊತ್ತಿತ್ತು ಅಂದಳು. ಗೊತ್ತಿರಲಿಲ್ಲ.

ದಿಬ್ಬ ಇಳಿಯುವಾಗ ನ್ಯಾಲುಂಗು ದಾರಿಯಲ್ಲಿ ನಿಂತಿದ್ದಳು. ಕೈ ಹಿಡಿದುಕೊಳ್ಳುತ್ತಾಳೇನೋ ಅಂತ ನ್ಯಾಕಮಂಗ ಒಂದು ಗಳಿಗೆ ಅಂದುಕೊಂಡಳು.

“ನಿನ್ನ ಗಂಡನ ಹೆಸರು ತೊಳೆದುಕೊಂಡೆ. ನನ್ನ ಗಂಡ ಬಂದ್ನಾ?”

“ಇಲ್ಲ.”

“ಮತ್ತೆ ಏನು ಗೆದ್ದೆ ಅಂತ ಇಷ್ಟು ಬೇಗ ನಡೀತಿದೀಯಾ?”

ನ್ಯಾಕಮಂಗ ಹೆಜ್ಜೆ ನಿಧಾನ ಮಾಡಿದಳು. ಇಬ್ಬರೂ ಒಂದೇ ದಾರಿಯಲ್ಲಿ ಇಳಿದರು, ಒಬ್ಬಳ ಹಿಂದೆ ಒಬ್ಬಳು.

ಸಿಲುಂಬುಗೆ ಪಟ್ಟಣದ ದೊಡ್ಡ ಸ್ಟೇಶನ್ನಿಗೆ ವರ್ಗವಾಯಿತು. ಹೋಗುವ ಮೊದಲು ಮೇಕೆ ಕಡಿಸಿ ಊಟ ಹಾಕಿಸಿದ. ತಟ್ಟೆ ತೊಳೆದವಳು ನ್ಯಾಕಮಂಗಳೇ. ಅದೂ ಅವಳ ಕೆಲಸ. ಡೋಲಿನ ಬದಲು ಕೊಂಬಿನ ಸದ್ದು ಇರಲಿ ಅಂತ ಕಮಿಟಿ ಒಮ್ಮೆ ಮಾತಾಡಿತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ವೆಡ್ಸನ್ ಜಾಗಕ್ಕೆ ಪಟ್ಟಣದಿಂದ ಯಾರೂ ಬರಲಿಲ್ಲ. ಹೊಸ ಮ್ಯಾನೇಜರ್ ಬಂದವನು ತಡವಾಗಿ ಏಳುವವನು. ನಿನಗೆ ಆ ಸಾಲು ಬರತ್ತಂತಲ್ಲಮ್ಮ, ಬೆಳಿಗ್ಗೆ ನೀನೇ ಕೂಗಿಸಿಬಿಡು ಅಂದ. ಅವಳು ಆಗಲಿ ಅಂದಳು. ಅವನು ಹೇಳದಿದ್ದರೂ ಕೂಗಿಸುತ್ತಿದ್ದಳು. ಕೆಲಸದ ಪುಸ್ತಕದಲ್ಲಿ ಅವಳು ಇವತ್ತಿಗೂ ಕಸ ಗುಡಿಸುವವಳೇ.

ಅಡುಗೆಮನೆ ಬಾಗಿಲಿಗೆ ಚಿಲಕ ಇನ್ನೂ ಬಂದಿಲ್ಲ. ಒಂದು ಕಲ್ಲು ಒರಗಿಸಿ ಹೊರಡುತ್ತಾಳೆ. ಉಸಿಪದ ದೋಣಿಗಳು ತಿರುಗಿ ಬರುವ ಹೊತ್ತಿಗೆ ದಿಬ್ಬ ಹತ್ತುತ್ತಾಳೆ. ಬೀಗ ತೆಗೆಯುತ್ತಾಳೆ, ಅದೂ ಈಗ ಅವಳದ್ದೇ. ಪೊರಕೆ ಮೂಲೆಗಿಟ್ಟು ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಚಾ ಮಾಡಿಕೊಳ್ಳುವುದಿಲ್ಲ. ಕಪ್ಪು ಕಿಟಕಿ ತೆರೆದು ಒಂದೇ ಬೆರಳಲ್ಲಿ ಆ ಸಾಲು ಬರೆಯುತ್ತಾಳೆ. ಹೆಸರುಗಳು ಇಳಿಯಲು ಶುರುವಾಗುವ ಮೊದಲೇ ಎಡಗೈ ಚಾಚಿ ಪರದೆಯ ಕೆಳತುದಿಯನ್ನು ಅಂಗೈಯಿಂದ ಮುಚ್ಚುತ್ತಾಳೆ. ಕೊನೆಯ ಸಾಲು ಬೀಳುವುದು ಅಲ್ಲಿ. ಬಲಗೈ ಬೆರಳು ಹೆಸರಿಂದ ಹೆಸರಿಗೆ ಹೋಗುತ್ತದೆ. ಹಾಡು. ಸಾವು. ಮೀನು. ಒಂದೊಂದರ ಮುಂದೆಯೂ ನಿಂತು ಅಕ್ಷರ ಕೂಡಿಸಿ ಓದುತ್ತಾಳೆ, ಅವಸರವಿಲ್ಲ.

ಕೆಳಗೆ ದಂಡೆಯಲ್ಲಿ ನ್ಯಾಲುಂಗುವಿನ ದೊಡ್ಡ ಮಗ ಅಪ್ಪನ ಜಾಗದಲ್ಲಿ ಇನ್ನೊಂದು ದೋಣಿಗೆ ಮೋಟರು ಕಟ್ಟುತ್ತಿರುತ್ತಾನೆ. ನ್ಯಾಲುಂಗು ಮೀನಿನ ಬುಟ್ಟಿ ಹೊತ್ತು ದಿಬ್ಬದ ಮಗ್ಗುಲಿನ ಕಾಲುದಾರಿಯಲ್ಲಿ ಬರುತ್ತಾಳೆ. ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಒಳಗೆ ಇಣುಕುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಸರೋವರದ ಕಡೆ ಮುಖ ಮಾಡಿಕೊಂಡೇ ಕೇಳುತ್ತಾಳೆ.

“ಡೋಲು?”

ನ್ಯಾಕಮಂಗ ಇನ್ನೊಂದು ಸಲ ಬೆರಳಿಟ್ಟು ನೋಡುತ್ತಾಳೆ.

“ಇದೆ.”

ನ್ಯಾಲುಂಗು ಹೋಗುತ್ತಾಳೆ. ನ್ಯಾಕಮಂಗ ಅಂಗೈ ತೆಗೆಯದೆ, ಇನ್ನೊಂದು ಕೈಯಲ್ಲಿ ಕಪ್ಪು ಕಿಟಕಿ ಮುಚ್ಚಿ, ಪರದೆಯ ಮೇಲಿನ ಬೆವರಿನ ಗುರುತನ್ನು ಚಿತೆಂಜೆಯ ತುದಿಯಿಂದ ಒರೆಸಿ, ಪೊರಕೆ ಎತ್ತಿಕೊಳ್ಳುತ್ತಾಳೆ.